ಪ್ಯಾನಲ್ ಬಿಸಿಲಿಗೆ, ಗಾಡಿ ನೆರಳಿಗೆ

ಹೋದ ತಿಂಗಳು ನಮ್ಮ ಕ್ಯಾಂಪರ್ ಟ್ರೇಲರ್ (ಗಾಡಿ ಹಿಂದೆ ಎಳ್ಕೊಂಡು ಹೋಗೋ ಪುಟ್ಟ ಮನೆ) ಫೋಟೊ ಹಾಕಿದಾಗಿನಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. ಸೋಲಾರ್ ಎಷ್ಟು ವ್ಯಾಟ್ ಹಾಕಿಸಿದ್ರಿ, ಎಲ್ಲಿ ಹಾಕಿಸಿದ್ರಿ ಅಂತ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಇಲ್ಲೇ ಬರೆದುಬಿಡ್ತೀನಿ. ಬೈಯೋರು ಕಾಯೋದು ಬೇಡ, ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ: ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಟ್ರೇಲರ್ ಚಾವಣಿಗೆ ಪ್ಯಾನಲ್ ಬಿಗಿಯೋದು ತಪ್ಪು. ನಾನೇ ಬಿಗಿಸಿ, ಆಮೇಲೆ ಕಿತ್ತು, ಈಗ ಹೇಳ್ತಿದೀನಿ.

ನನ್ನ ಕಸುಬು ಮೋಟಾರ್ ರಿವೈಂಡಿಂಗ್. ಇಪ್ಪತ್ತು ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟಾರ್ ಬಿಚ್ಚಿ ತಂತಿ ಸುತ್ತಿಕೊಂಡೇ ಬಂದೋನು. ಕರೆಂಟ್ ವಿಚಾರಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಕೊಬ್ಬಿತ್ತು. ಟ್ರೇಲರ್ ಚಿಕ್ಕದು, ಬೊಲೆರೊ ಹಿಂದೆ ಎಳೆಯೋ ಅಂಥದ್ದು. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಬಾಗಿಲೆತ್ತಿದ್ರೆ ಅಡುಗೆ ಕಟ್ಟೆ. (ಆರ್‌ಟಿಒ ಕತೆ ಕೇಳಬೇಡಿ, ಅದಕ್ಕೆ ಇನ್ನೊಂದು ಪೋಸ್ಟೇ ಬೇಕು.) ಯೂಟ್ಯೂಬಲ್ಲಿ ಹೊರದೇಶದವರ ವಿಡಿಯೊ ನೋಡ್ಕೊಂಡು 100 ವ್ಯಾಟಿನ ಎರಡು ಪ್ಯಾನಲ್ ತಂದೆ, ಚಾವಣಿ ತಗಡಿಗೆ ಎಂಟು ತೂತು ಕೊರೆದು, ಕ್ಲಾಂಪ್ ಹಾಕಿ ಬಿಗಿದೆ. ನೋಡೋಕೆ ಭಾರೀ ಚೆಂದ ಕಾಣ್ತಿತ್ತು. ಬೀದಿಯವರೆಲ್ಲ ಬಂದು ನೋಡಿ ಹೋದ್ರು.

ಮೊದಲ ಸವಾರಿ ಹಿರಿಯೂರಿಗೆ, ಏಪ್ರಿಲ್‌ನಲ್ಲಿ. ಅಲ್ಲಿ ನಮ್ಮ ಷಡ್ಡಕನ ಹೊಲ ಇದೆ, ಮಾರಿಕಣಿವೆ ಡ್ಯಾಮಿಗೆ ಹತ್ತಿರ. 1933 ಆದ ಮೇಲೆ 2022ರಲ್ಲಿ ಕಣಿವೆ ಕೋಡಿ ಬಿದ್ದಾಗ ಜನಜಾತ್ರೆಗೆ ಹೆದರಿ ಹೋಗಿರಲಿಲ್ಲ, ಈಗಲಾದ್ರೂ ನಿಧಾನಕ್ಕೆ ನೋಡಾಣ ಅಂತ ಹೊರಟಿದ್ವಿ. ಹೊಲದ ಬದುವಿನಲ್ಲಿ ದೊಡ್ಡ ಹುಣಸೆ ಮರ. ನಾನು ಅದನ್ನ ಬಿಟ್ಟು ನಟ್ಟನಡುವೆ ಬಯಲಲ್ಲಿ ಗಾಡಿ ನಿಲ್ಲಿಸಿದೆ. ಹನ್ನೊಂದು ಗಂಟೆಗೆಲ್ಲ ತಗಡು ಕಾದು ಒಳಗೆ ಕಾಲಿಡೋ ಹಂಗಿರಲಿಲ್ಲ.

"ರೀ, ಅಷ್ಟು ದೊಡ್ಡ ಮರ ಬಿಟ್ಟು ಇಲ್ಲಿ ಯಾಕೆ ನಿಲ್ಸಿದೀರಿ?" ಅಂದ್ಲು ನಮ್ಮವಳು.

"ಪ್ಯಾನಲ್‌ಗೆ ಬಿಸಿಲು ಬೇಕು ಕಣೇ."

"ಪ್ಯಾನಲ್ ಯಾಕೆ?"

"ಫ್ರಿಜ್ಜಿಗೆ, ಫ್ಯಾನಿಗೆ."

"ಫ್ಯಾನ್ ಯಾಕೆ?"

"ಒಳಗೆ ಸೆಕೆ."

ಅವಳು ಮುಂದೆ ಮಾತಾಡಲಿಲ್ಲ. ನೀರಿನ ಕ್ಯಾನು, ಚಾಪೆ ಎತ್ಕೊಂಡು ಹೋಗಿ ಹುಣಸೆ ಮರದಡಿ ಮಲಗಿದ್ಲು. ನಾನು ಮೂರು ಗಂಟೆವರೆಗೂ ಟ್ರೇಲರ್ ಬಾಗಿಲಲ್ಲಿ ಕೂತು ಚಾರ್ಜ್ ಕಂಟ್ರೋಲರ್ (ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡ್ಕೊಳ್ಳೋ ಡಬ್ಬಿ) ಪರದೆ ನೋಡ್ತಾ ಬೆಂದೆ.

ಲೆಕ್ಕ ಆಮೇಲೆ ಹಾಕಿದೆ. ಮೊದಲೇ ಹಾಕಬೇಕಿತ್ತು. 200 ವ್ಯಾಟ್ ಪ್ಯಾನಲ್ ಅಂದ್ರೆ 200 ವ್ಯಾಟ್ ಬರಲ್ಲ. ಆ ಅಂಕಿ ಪ್ಯಾನಲ್ ಒಳಗಿನ ಸೆಲ್ 25 ಡಿಗ್ರಿಯಲ್ಲಿದ್ದಾಗಿಂದು. ನಮ್ಮ ಬಿಸಿಲಲ್ಲಿ ತಗಡಿಗೆ ಅಂಟಿಕೊಂಡ ಪ್ಯಾನಲ್ ಸಲೀಸಾಗಿ 70 ಡಿಗ್ರಿ ಮುಟ್ಟುತ್ತೆ. ಒಂದೊಂದು ಡಿಗ್ರಿ ಏರಿದ ಹಾಗೆ ಸುಮಾರು ಶೇ. 0.4 ಕಮ್ಮಿ ಆಗುತ್ತೆ, ಅಂದ್ರೆ ಕಾವಿಗೇ ಆರನೇ ಒಂದು ಪಾಲು ಹೋಯ್ತು. ಧೂಳು, ತಂತಿ ಎಲ್ಲ ಕಳೆದು ದಿನಕ್ಕೆ 750 ವ್ಯಾಟ್-ಅವರ್ (ವ್ಯಾಟನ್ನ ಗಂಟೆಯಿಂದ ಗುಣಿಸಿದ ಲೆಕ್ಕ) ಬಂದ್ರೆ ಪುಣ್ಯ. ಆ ಕಡೆ ಫ್ರಿಜ್ 45 ವ್ಯಾಟಿಂದು, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದರ ಕಂಪ್ರೆಸರ್ ಬಿಡುವೇ ಇಲ್ಲದೆ ಓಡ್ತಿತ್ತು. ದಿನಕ್ಕೆ ಇಪ್ಪತ್ತು ಗಂಟೆ ಅಂದ್ರೂ 900. ಮೇಲೆ ಫ್ಯಾನು. ಬಿಸಿಲು ಕೊಟ್ಟಿದ್ದನ್ನೆಲ್ಲ ಬಿಸಿಲೇ ತಿಂತು, ಸಾಲದ್ದಕ್ಕೆ ಬ್ಯಾಟರಿಯಿಂದ ಬೇರೆ ಸಾಲ.

ಮಾರನೇ ದಿನ ಸೋತು ಮರದಡಿಗೆ ತಂದೆ. ಫ್ರಿಜ್ ಓಡೋದು ಅರ್ಧಕ್ಕರ್ಧ ಇಳೀತು, ಆದ್ರೆ ಪ್ಯಾನಲ್ 12 ವ್ಯಾಟ್ ತೋರಿಸ್ತು. ಕೊಂಬೆ ಸಂದಿಯಿಂದ ಅಲ್ಲಲ್ಲಿ ಬಿಸಿಲು ಬೀಳ್ತಿದೆಯಲ್ಲ, ಅಷ್ಟಾದ್ರೂ ಬರಬೇಕಲ್ಲ ಅಂತ ನಿಮಗನಿಸಬಹುದು. ಬರಲ್ಲ. ಒಂದು ಪ್ಯಾನಲ್‌ನಲ್ಲಿ 36 ಸೆಲ್ ಇರ್ತವೆ, ಗಣಪತಿ ಹಬ್ಬದ ಸೀರಿಯಲ್ ಸೆಟ್ ಥರ ಒಂದರ ಹಿಂದೊಂದು ಜೋಡಿಸಿರ್ತಾರೆ. ಒಂದು ಸೆಲ್ ಮೇಲೆ ಪೂರ್ತಿ ನೆರಳು ಬಿದ್ರೆ ಅದರ ಸಾಲೇ ಮಲಗುತ್ತೆ. ಬೈಪಾಸ್ ಡಯೋಡ್ (ನೆರಳಾದ ಸಾಲನ್ನ ಬಿಟ್ಟು ಕರೆಂಟ್ ದಾಟಿಸೋ ಬಿಡಿಭಾಗ) ಇದ್ರೆ ಇನ್ನರ್ಧ ಉಳೀಬಹುದು, ಆದ್ರೆ ಹುಣಸೆ ಮರದ ನೆರಳು ಹಂಗೆ ಅರ್ಧ ಬಿಟ್ಟು ಅರ್ಧ ಬೀಳಲ್ಲ.

ಆ ವಿಡಿಯೊದವರದ್ದು ತಪ್ಪಿಲ್ಲ. ಅವರದ್ದು ಚಳಿ ದೇಶ, ಬಿಸಿಲು ಹುಡುಕ್ಕೊಂಡು ಗಾಡಿ ನಿಲ್ಲಿಸ್ತಾರೆ. ನಾವು ಗಾಡಿ ನಿಲ್ಲಿಸೋವಾಗ ಮೊದಲು ಹುಡುಕೋದು ಮರ. ಚಾವಣಿಗೆ ಪ್ಯಾನಲ್ ಬಿಗಿದ ಗಳಿಗೆಯಿಂದ ನಾನೂ ಪ್ಯಾನಲ್ಲೂ ಒಂದೇ ಕಡೆ ಇರಬೇಕಾಯ್ತು. ಪಕ್ಕದ ಪಾವಗಡದ ಸೋಲಾರ್ ಪಾರ್ಕಲ್ಲಿ 2,050 ಮೆಗಾವ್ಯಾಟ್ ಪ್ಯಾನಲ್ ಬಿಸಿಲಿಗೆ ಮುಖ ಮಾಡಿ ನಿಂತಿವೆ, ಆದ್ರೆ ಅಲ್ಲಿ ಅದರ ಕೆಳಗೆ ಯಾರೂ ಸಂಸಾರ ಹೂಡಿಲ್ಲ.

ವಾಪಸ್ ಬಂದು ಎರಡೂ ಪ್ಯಾನಲ್ ಕಿತ್ತೆ. ಕಬ್ಬಿಣದ ಆಂಗ್ಲರ್‌ನಲ್ಲಿ ಮಡಚೋ ಸ್ಟ್ಯಾಂಡ್ ಮಾಡಿಸಿ, 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಹತ್ತು ಮೀಟರ್ ಎಳೆದೆ. ಇಲ್ಲಿ ಒಂದು ವಿಷಯ ಗಮನಿಸಿ: ಎರಡು ಪ್ಯಾನಲ್ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು) ಹಾಕಿದ್ರೆ 18 ವೋಲ್ಟ್, 11 ಆಂಪ್ಸ್. ಹತ್ತು ಮೀಟರ್ ಹೋಗಿ ಬರೋ ತಂತಿಯಲ್ಲೇ ಒಂದು ವೋಲ್ಟಿನ ಮೇಲೆ ಕರಗುತ್ತೆ. ಸೀರೀಸ್ (ಒಂದರ ಹಿಂದೊಂದು) ಹಾಕಿದ್ರೆ 36 ವೋಲ್ಟ್, ಐದೂವರೆ ಆಂಪ್ಸ್, ಅರ್ಧ ವೋಲ್ಟ್ ಅಷ್ಟೇ ಹೋಗೋದು. ಶೇ. 6 ನಷ್ಟ ಇದ್ದಿದ್ದು ಒಂದೂವರೆಗೆ ಬಂತು. ಆದ್ರೆ ಸೀರೀಸ್‌ಗೆ ಎಂಪಿಪಿಟಿ ಅನ್ನೋ, ಜಾಸ್ತಿ ವೋಲ್ಟೇಜನ್ನ ಬ್ಯಾಟರಿಗೆ ಬೇಕಾದಂಗೆ ಇಳಿಸಿ ಕೊಡೋ ಕಂಟ್ರೋಲರೇ ಬೇಕು, ಅಗ್ಗದ ಪಿಡಬ್ಲ್ಯುಎಂ ಥರದ ಕಂಟ್ರೋಲರ್ ಹಾಕಿದ್ರೆ ಮೇಲಿನ ವೋಲ್ಟೇಜೆಲ್ಲ ದಂಡ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ, ಮನೇಲಿ ಮಿಕ್ಕಿದ ಎಸಿ (ಮನೆ ಲೈನಿನ ಕರೆಂಟ್) ಎಂಸಿಬಿ ಸ್ವಿಚ್ ತಂದು ಡಿಸಿಗೆ (ಬ್ಯಾಟರಿ, ಪ್ಯಾನಲ್ಲಿನ ಕರೆಂಟ್) ಹಾಕಬೇಡಿ.

ಬಿಡಿ ಪ್ಯಾನಲ್‌ನ ಹಿಂಬದಿಗೆ ಗಾಳಿ ಆಡುತ್ತೆ, ಕಾವು ಕಮ್ಮಿ. ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗಿಸಬಹುದು. "ಯಾವಾಗಲೂ ದಕ್ಷಿಣಕ್ಕೇ ವಾಲಿಸಿ" ಅಂತಾರಲ್ಲ, ಅದು ನಮಗೆ ವರ್ಷಪೂರ್ತಿ ಸರಿಯಲ್ಲ. ನಾವಿರೋದು ಹದಿನಾಲ್ಕು ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರ್ತಾನೆ. ಆಗ ಅಂಗಾತ ಹಾಕಿದ್ರೆ ಸಾಕು. ಡಿಸೆಂಬರ್‌ನಲ್ಲಿ ಮಾತ್ರ ದಕ್ಷಿಣಕ್ಕೆ 35 ಡಿಗ್ರಿಯಷ್ಟು ವಾಲಿಸಿದ್ರೆ ಫರಕು ಕಣ್ಣಿಗೆ ಕಾಣುತ್ತೆ.

ಇಷ್ಟಾದ್ರೂ ಬ್ಯಾಟರಿ ಬೆಳಗಿನ ಹೊತ್ತಿಗೆ ಇಳಿದಿರ್ತಿತ್ತು. ನಾನು ಮಿಕ್ಸಿ ಮೇಲೆ ಅನುಮಾನ ಪಟ್ಟೆ. ಚಟ್ನಿ ರುಬ್ಬೋಕೆ ಇನ್ವರ್ಟರ್ ಹಾಕಿದಾಗೆಲ್ಲ ರೇಗಾಡ್ತಿದ್ದೆ. ಅಂಗಡಿಯ ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಕರೆಂಟ್ ಅಳೆಯೋ ಮೀಟರ್) ತಂದು ಬ್ಯಾಟರಿ ತಂತಿಗೆ ಹಾಕಿದ್ರೆ ಸೊನ್ನೆ. ಸೊನ್ನೆಯೇ ಬರಬೇಕು, ಆ ಟೆಸ್ಟರ್ ಎಸಿ ಮಾತ್ರ ಅಳೆಯೋದು! ಇಪ್ಪತ್ತು ವರ್ಷದ ಅನುಭವಸ್ಥನಿಗೆ ಅದು ಹೊಳೆಯೋಕೆ ಎರಡು ದಿನ ಬೇಕಾಯ್ತು. ಡಿಸಿ ಅಳೆಯೋದನ್ನ ತಂದು ಹಾಕಿದಾಗ ಕಳ್ಳ ಸಿಕ್ಕ. ರಾತ್ರಿ ನನ್ನ ಮೊಬೈಲ್ ಚಾರ್ಜಿಗೆ ಅಂತ 1,000 ವ್ಯಾಟಿನ ಇನ್ವರ್ಟರ್ ಆನ್ ಮಾಡಿ ಬಿಡ್ತಿದ್ದೆನಲ್ಲ, ಯಾವ ಲೋಡೂ ಇಲ್ಲದೆ ಸುಮ್ಮನೆ ಕೂತೇ ಅದು ಒಂದು ಆಂಪ್ ಕುಡೀತಿತ್ತು. ಇಪ್ಪತ್ನಾಲ್ಕು ಗಂಟೆಗೆ 288 ವ್ಯಾಟ್-ಅವರ್. 500 ವ್ಯಾಟಿನ ಮಿಕ್ಸಿ ಎರಡು ನಿಮಿಷ ತಿರುಗಿದ್ರೆ ಹದಿನೇಳು. ಅಂದ್ರೆ ದಿನಕ್ಕೆ ಹದಿನೇಳು ಸಲ ಚಟ್ನಿ ರುಬ್ಬಬಹುದಿತ್ತು. ಈ ಲೆಕ್ಕ ಮನೇಲಿ ಹೇಳಬಾರದಿತ್ತು. ಈಗ ಮೊಬೈಲಿಗೆ 12 ವೋಲ್ಟಿನ ಯುಎಸ್‌ಬಿ ಸಾಕೆಟ್, ಮಿಕ್ಸಿಗೆ ಮಾತ್ರ ಇನ್ವರ್ಟರ್.

ಬ್ಯಾಟರಿ ಬಗ್ಗೆ ಚುಟುಕಾಗಿ: ಮನೆಯ ಯುಪಿಎಸ್‌ನ ಹಳೇ ಟ್ಯೂಬುಲರ್ ಬ್ಯಾಟರಿ ತಂದು ಹಾಸಿಗೆ ಕೆಳಗೆ ಇಡೋ ಐಡಿಯಾ ನಿಮಗೂ ಬಂದಿದ್ರೆ ಬಿಡಿ. ಐವತ್ತು ಕೆಜಿ ಮೇಲೆ ಭಾರ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ನೀವು ಅದರ ಮೇಲೇ ಮಲಗಿರ್ತೀರಿ. 100 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕೆಜಿ ಆಸುಪಾಸು, 1,280 ವ್ಯಾಟ್-ಅವರ್, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ಬಳಸಬಹುದು. ಸಬ್ಸಿಡಿ ಸಿಗುತ್ತಾ ಅಂತ ಮೂರು ಜನ ಕೇಳಿದೀರಿ. ಪಿಎಂ ಸೂರ್ಯಘರ್‌ನ 78,000 ರೂಪಾಯಿ ಇರೋದು ಗ್ರಿಡ್‌ಗೆ ಸೇರಿಸಿದ ಮನೆ ಚಾವಣಿಗೆ. ಚಕ್ರ ಇರೋ ಮನೆಗಲ್ಲ.

ಬಿಡಿ ಪ್ಯಾನಲ್ ಕಳ್ಳತನ ಆಗಲ್ವಾ ಅಂತೀರಿ. ಆಗುತ್ತೆ. ಬೋರ್‌ವೆಲ್ ಕೇಬಲ್ಲನ್ನೇ ಬಿಡದ ಕಡೆ ಪ್ಯಾನಲ್ ಬಿಡ್ತಾರಾ? ಕತ್ತಲಾದ ಮೇಲೆ ಮಡಚಿ ಒಳಗಿಡ್ತೀನಿ. ಓಡುವಾಗ ಚಾರ್ಜ್ ಆಗಲ್ಲ ಅಂತಾನೂ ಹೇಳ್ತೀರಿ. ಓಡುವಾಗ ಬೊಲೆರೊದ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋದು) ಇದೆ, ನಡುವೆ ಒಂದು ಡಿಸಿ-ಡಿಸಿ ಚಾರ್ಜರ್ ಹಾಕಿ. ನಿಜವಾದ ತೊಂದರೆ ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಹತ್ತಿರ ಸ್ನೇಹಿತರ ಹೊಲದಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಟೀ ಕಾಯಿಸ್ತಿದ್ದೆ. ಎದುರಿನ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ತಿರುಗ್ತಿವೆ, ಅದನ್ನ ನೋಡ್ಕೊಂಡೂ ನನಗೆ ಬುದ್ಧಿ ಬರಲಿಲ್ಲ. ದಢಾರ್ ಅಂತ ಸದ್ದು. ಒಂದು ಪ್ಯಾನಲ್ ಮುಖ ಕೆಳಗಾಗಿ ಬಿದ್ದು ಗಾಜೆಲ್ಲ ಜೇಡರ ಬಲೆ. ಈಗ ಗೊಬ್ಬರದ ಚೀಲ ನಾಲ್ಕು ಇಟ್ಕೊಂಡಿರ್ತೀನಿ, ಹೋದ ಕಡೆ ಮಣ್ಣು ತುಂಬಿಸಿ ಸ್ಟ್ಯಾಂಡಿನ ಕಾಲಿಗೆ ಕಟ್ಟೋದು, ಬರುವಾಗ ಸುರಿದು ಬರೋದು.

ಇಷ್ಟೆಲ್ಲ ಆದ ಮೇಲೂ ಚಾವಣಿಗೇ ಹಾಕ್ತೀನಿ ಅನ್ನೋರಿಗೆ ಇನ್ನೊಂದೇ ಮಾತು. ಪ್ಯಾನಲ್ ಕಿತ್ತೆ ನಿಜ, ಆ ಎಂಟು ತೂತು ಕೀಳೋಕಾಗಲ್ಲವಲ್ಲ. ಸಿಲಿಕಾನ್ ತುಂಬಿ, ಮೇಲೆ ತಗಡಿನ ತುಂಡು ಹೊಡೆದೆ. ಏಳು ಗಟ್ಟಿಯಾಗಿವೆ. ಮೊನ್ನೆ ರಾತ್ರಿ ಸೂಳೆಕೆರೆ ಹತ್ತಿರ ಮಳೆ ಹಿಡಿದಾಗ ಎಂಟನೆಯದು ಸೋರ್ತು, ಸರಿಯಾಗಿ ನನ್ನ ದಿಂಬಿನ ಮೇಲೆ. ನಮ್ಮವಳು ಮಗ್ಗಲು ಬದಲಿಸಿ, "ಮರದಡಿ ನಿಲ್ಸಿದೀರಲ್ಲ, ಇನ್ನೇನು ಬೇಕು, ಮಲಗ್ರಿ" ಅಂದ್ಲು.