ಪುಟ್ಟಿ ಹಚ್ಚಿದ ಮನೆಗೆ ಮೊದಲ ಮಳೆಗಾಲ

ಕರಾವಳಿಯಲ್ಲಿ ಹಳೇ ಹಂಚಿನ ಮನೆಯೊಂದು ರಿನೋವೇಶನ್ ಆದರೆ ಅದರ ನಿಜವಾದ ಮನೆಯೊಕ್ಕಲು ಮಳೆ ಜಡಿಯುವ ಆಟಿ ತಿಂಗಳಲ್ಲೇ. ಜನವರಿಯಲ್ಲಿ ನಡೆದದ್ದು ಊಟ ಮಾತ್ರ. ಹೋಳಿಗೆ ಉಂಡು, ಗೋಡೆ ಸವರಿ, "ಎಷ್ಟು ನುಣುಪು ಮಾರಾಯ್ರೆ" ಎಂದು ಹೊಗಳಿ ಹೋದ ನೆಂಟರು ಜುಲೈಯಲ್ಲಿ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಸೋಫಾದ ಹಿಂದಿನ ಪೇಂಟು ಸಂಡಿಗೆಯಂತೆ ಉಬ್ಬಿರುತ್ತದೆ. ಅದನ್ನು ಮುಚ್ಚಲು ಕ್ಯಾಲೆಂಡರೊಂದು ನೇತಾಡುತ್ತಿರುತ್ತದೆ. ನೆಲದಿಂದ ಮೂರಡಿ ಎತ್ತರದಲ್ಲಿ ಯಾರೂ ಕ್ಯಾಲೆಂಡರ್ ಹಾಕುವುದಿಲ್ಲವಾದ್ದರಿಂದ ನೆಂಟರಿಗೆ ವಿಷಯ ತಿಳಿಯಲು ಹೊತ್ತು ಬೇಕಾಗುವುದಿಲ್ಲ.

ಮೊದಲ ಬೈಗುಳ ಪೇಂಟಿಗೆ, ಎರಡನೆಯದು ಪೇಂಟರಿಗೆ, ಮೂರನೆಯದು ಮಳೆಗೆ. ಮಂಗಳೂರಿನ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಅಜ್ಜನ ಕಾಲದಲ್ಲೂ ಬೀಳುತ್ತಿತ್ತು, ಮನೆ ನಿಂತೇ ಇತ್ತು. ಆ ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ನಡುವೆ ಮಣ್ಣು ಇಲ್ಲವೇ ಸುಣ್ಣದ ಗಾರೆ, ಮೇಲೆ ಚಿಪ್ಪು ಸುಣ್ಣದ ಬಳಿತ. ಮುರಕಲ್ಲಿನ ಮೈತುಂಬ ತೂತು. ನೆಲದ ನೀರನ್ನು ಎಳೆದುಕೊಂಡು ಸುಮಾರು ಮೂರಡಿಯವರೆಗೆ ಏರಿಸುತ್ತದೆ. ಅದನ್ನು ತಡೆಯುವ ಪದರವೇನೂ ಆ ಕಾಲದ ಪಂಚಾಂಗದ (ಗೋಡೆ ನಿಂತ ಅಡಿಪಾಯದ ಕಟ್ಟೆಯ) ಮೇಲೆ ಇರುತ್ತಿರಲಿಲ್ಲ. ಏರಿದ ನೀರು ಸುಣ್ಣದ ಮೂಲಕ ಗಾಳಿಗೆ ಹೋಗುತ್ತಿತ್ತು. ನೆಲವೂ ಅಷ್ಟೇ: ಸೆಗಣಿ ಸಾರಿಸಿದ ನೆಲ ತೇವವನ್ನು ತನ್ನ ಪಾಡಿಗೆ ಬಿಟ್ಟುಕೊಡುತ್ತಿತ್ತು.

ಈಗ ಗೋಡೆಗೆ ಒಂದಕ್ಕೆ ನಾಲ್ಕರ ಸಿಮೆಂಟ್ ಪ್ಲಾಸ್ಟರ್, ಅದನ್ನು ನುಣುಪಾಗಿಸಲು ಎರಡು ಕೈ ಪುಟ್ಟಿ, ಪ್ರೈಮರ್, ಅದರ ಮೇಲೆ ತೊಳೆಯಬಹುದಾದ ಎಮಲ್ಷನ್. ನೆಲಕ್ಕೆ ನೀರನ್ನೇ ಕುಡಿಯದ ವಿಟ್ರಿಫೈಡ್ ಟೈಲ್ಸ್. ನೀರು ಬರುವ ದಾರಿ ಹಾಗೆಯೇ ಇದೆ, ಹೋಗುವ ದಾರಿ ಮಾತ್ರ ಬಂದ್. ಮೂರಡಿಯವರೆಗೆ ಸಿಮೆಂಟ್ ಮೆತ್ತಿದರೆ ತೇವ ನಾಲ್ಕಡಿಗೆ ಏರುತ್ತದೆ. ನಾಲ್ಕಡಿ ಟೈಲ್ಸ್ ಅಂಟಿಸಿದರೆ ಟೈಲ್ಸಿನ ನೆತ್ತಿಯಿಂದ ಇಣುಕುತ್ತದೆ. ಅದಕ್ಕೂ ಮೇಲೆ ಹೋದರೆ ಸ್ವಿಚ್ ಬೋರ್ಡು ಸಿಗುತ್ತದೆ, ಅಲ್ಲಿಗೆ ತಮಾಷೆ ಮುಗಿಯಿತು. ತೇವದ ಗೋಡೆಯಲ್ಲಿ ಹಳೇ ವಯರಿಂಗ್ ಇದ್ದರೆ ಪೇಂಟಿಗಿಂತ ಮೊದಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಬೇಕು.

ಇನ್ನು ಅಂಗಳ. ಒಕ್ಕಲಿನ ಮುಹೂರ್ತಕ್ಕೆ ಹತ್ತು ಸಲ ಪಂಚಾಂಗ ನೋಡುವವರು ಮನೆಯ ಪಂಚಾಂಗವನ್ನು ಒಂದು ಸಲವೂ ಬಗ್ಗಿ ನೋಡುವುದಿಲ್ಲ. ಮೊದಲು ಅಂಗಳಕ್ಕೆ ಕೆಂಪು ಮಣ್ಣು ತುಂಬಿಸಿದರು, ಆಮೇಲೆ ಕಾಂಕ್ರೀಟು, ಈಗ ಅದರ ಮೇಲೆ ಇಂಟರ್‌ಲಾಕ್. ಎರಡಿಂಚು ಮರಳಿನ ಹಾಸು, 60 ಅಥವಾ 80 ಮಿಲಿಮೀಟರ್ ದಪ್ಪದ ಬ್ಲಾಕು, ಮಣ್ಣು, ಕಾಂಕ್ರೀಟು ಎಲ್ಲ ಸೇರಿ ಅಂಗಳ ಒಂದಡಿ ಮೇಲೆ ಬಂತು. ಚಾವಡಿಗೆ ಹತ್ತಲು ಮೂರು ಮೆಟ್ಟಿಲಿದ್ದ ಮನೆಗೆ ಈಗ ಒಂದೇ ಮೆಟ್ಟಿಲು. "ಪ್ರಾಯ ಆದವರಿಗೆ ಹತ್ತಲು ಸುಲಭವಾಯಿತು" ಎಂದು ಮನೆಯವರು ಸಂತೋಷಪಡುತ್ತಾರೆ. ಸುಲಭವಾದದ್ದು ನೀರಿಗೂ ಹೌದು. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಆರಿಂಚು ಕೆಳಗಿರಬೇಕು, ಗೋಡೆಯಿಂದ ಹೊರಕ್ಕೆ ನಾಲ್ಕಡಿಗೆ ಒಂದಿಂಚಿನಂತೆ ಇಳಿಜಾರು ಬೇಕು. ಇಂಟರ್‌ಲಾಕನ್ನು ಗೋಡೆಗೆ ತಾಗಿಸದೆ ಒಂದಡಿ ಬಿಟ್ಟು, ಆ ಜಾಗದಲ್ಲಿ ಚರಂಡಿ ತೋಡಿ ಜಲ್ಲಿ ತುಂಬಿಸಿ, ನೀರು ಊರ ತೋಡಿಗೆ (ಹಳ್ಳಕ್ಕೆ) ಹೋಗುವಂತೆ ಮಾಡಿದರೆ ಅರ್ಧ ರೋಗ ಅಲ್ಲೇ ವಾಸಿ. ಇದು ಡಬ್ಬಿಯಲ್ಲಿ ಸಿಗುವ ಮದ್ದಲ್ಲ, ಹಾಗಾಗಿ ಇದಕ್ಕೆ ಜಾಹೀರಾತೂ ಇಲ್ಲ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಡಬ್ಬಿ ತರಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿನದು. ಹೊರಬದಿಯಲ್ಲಿ ಕಂಡರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಬೇಕಾದದ್ದು ಕಿಟಕಿ ಮತ್ತು ಫ್ಯಾನು, ಸಾವಿರಾರು ರೂಪಾಯಿಯ ವಾಟರ್‌ಪ್ರೂಫಿಂಗ್ ಅಲ್ಲ. ಗೋಡೆಯ ಆಚೆ ಬಚ್ಚಲಿದ್ದರೆ ಅದರ ವಿಚಾರಣೆ ಬೇರೆ: ನೀರು ಹೊರಹೋಗುವ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಒಂದೆರಡಿಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಅದು ಇಳಿಯುತ್ತದೆಯೇ ಎಂದು 48 ಗಂಟೆ ಕಾಯಬೇಕು. ಮನೆಮಂದಿ ಅಷ್ಟು ಹೊತ್ತು ಎಲ್ಲಿ ಸ್ನಾನ ಮಾಡುವುದು ಎಂಬ ಚರ್ಚೆಯಲ್ಲೇ ಈ ಪರೀಕ್ಷೆ ಹೆಚ್ಚಿನ ಕಡೆ ಬಿದ್ದುಹೋಗುತ್ತದೆ.

ಗೋಡೆಯ ಮೇಲೆ ಬಿಳಿ ಹಿಟ್ಟು ಉದುರುತ್ತಿದ್ದರೆ ಅದು ಉಪ್ಪು. ಮನೆವಾರ್ತೆ ಚೊಕ್ಕವಾಗಿರುವ ಕಡೆ ಮೊದಲು ಮಾಡುವ ಕೆಲಸ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಉಪ್ಪು ಕರಗಿ ಗೋಡೆಯೊಳಗೆ ಹೋಗಿ, ಒಣಗಿದ ಮೇಲೆ ವಾಪಸು ಬರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಮನೆಯಿಂದಾಚೆ ಹಾಕಬೇಕು. ಆಮೇಲೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿ ಕಲ್ಲನ್ನು ಬರಿಮೈ ಬಿಡಬೇಕು. ಎಷ್ಟು ದಿನ? ಒಂದಿಂಚು ದಪ್ಪ ಒಣಗಲು ಒಂದು ತಿಂಗಳು ಎಂಬುದು ಸಾಮಾನ್ಯ ಲೆಕ್ಕ. ಒಂಬತ್ತಿಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ನಾಲ್ಕೈದು ತಿಂಗಳು ಬೇಕು. ಮೇಸ್ತ್ರಿ ಕೊಡುವುದು ನಾಲ್ಕು ದಿನ.

ಒಣಗಿದ ಮೇಲೆ ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಉಪ್ಪಿಲ್ಲದ ಹೊಳೆ ಮರಳು. ಅರ್ಧ ಇಂಚಿಗಿಂತ ದಪ್ಪ ಬೇಡ. ಒಂದು ಪದರ ಹಾಕಿ ಒಂದು ವಾರವಾದರೂ ಬಿಟ್ಟು ಎರಡನೆಯದು. ಮೇಲೆ ಸುಣ್ಣದ ಬಳಿತವೇ ಸಾಕು. "ಸ್ವಲ್ಪ ಸಿಮೆಂಟ್ ಸೇರಿಸಿದರೆ ಗಟ್ಟಿ" ಎಂದು ಮೇಸ್ತ್ರಿ ಪಿಸುಗುಟ್ಟುವ ಘಳಿಗೆಯಲ್ಲಿ ಯಜಮಾನರು ಚಹಾ ತರಲು ಒಳಗೆ ಹೋಗಬಾರದು. ಕೆಲಸ ಡಿಸೆಂಬರಿನಲ್ಲಿ ಶುರುವಾದರೆ ಮೇ ಒಳಗೆ ಮುಗಿದೀತು. ಗೋಡೆಗೆ ತೂತು ಕೊರೆದು, ನೀರು ಮೇಲೇರದಂತೆ ತಡೆಯುವ ಸಿಲೇನ್ ಕ್ರೀಮು ತುಂಬುವ ಉಪಾಯವೂ ಉಂಟು: ನೆಲದಿಂದ ಆರಿಂಚು ಮೇಲೆ, ಗಾರೆಯ ಗೆರೆಯಲ್ಲೇ, ನಾಲ್ಕೈದು ಇಂಚಿಗೊಂದರಂತೆ 12 ಮಿಲಿಮೀಟರಿನ ತೂತು. ಮಣ್ಣಿನ ಗಾರೆಯ ಗೋಡೆಯಲ್ಲಿ ಕ್ರೀಮಿನ ಬದಲು ತೆಳ್ಳಗಿನ ದ್ರಾವಣ ಸುರಿದರೆ ಅದು ಪೊಟರೆ ಹುಡುಕಿಕೊಂಡು ಹೋಗಿಬಿಡುತ್ತದೆ.

ಮಾಡಿನ, ಅಂದರೆ ಹಂಚಿನ ಛಾವಣಿಯ, ಕತೆ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚು ಸುಡಲು ಶುರುಮಾಡಿದ ಮೇಲೆ ಊರೆಲ್ಲ ಹರಡಿದ ಆ ಹಂಚಿನ ಕೆಳಗೆ ಈಗ ಜಿಪ್ಸಂ ಸೀಲಿಂಗ್ ಬಂದಿದೆ. ಒಡೆದ ಹಂಚೊಂದು ಹನಿಸಿದರೆ ಮೊದಲು ಚಾವಡಿಗೆ ಬೀಳುತ್ತಿತ್ತು, ಬಾಲ್ದಿ ಇಟ್ಟು ಮರುದಿನ ಹಂಚು ಬದಲಿಸಿದರೆ ಮುಗಿಯಿತು. ಈಗ ಸೀಲಿಂಗಿನ ಮೇಲೆ ಗುಟ್ಟಾಗಿ ಹನಿಸಿ, ಹಂಚು ಹೊರುವ ಮರದ ಪಕ್ಕಾಸಿನ ತುದಿ ಕೊಳೆತು, ಗೆದ್ದಲು ಸಂಸಾರ ಹೂಡಿದ ಮೇಲೆ ಮನೆಯವರಿಗೆ ಸುದ್ದಿ. ಸೀಲಿಂಗ್ ಬೇಕೇ ಬೇಕೆಂದರೆ ಒಬ್ಬರು ತೂರುವಷ್ಟು ಬಾಗಿಲು ಬಿಡಿ, ಎರಡು ತ್ರಿಕೋಣದ ಗೋಡೆಯಲ್ಲೂ ಗಾಳಿಗಂಡಿ ಇಡಿ.

ಹಳೇ ಮಾಡಿಗೆ ಹೊಸ ತಾರಸಿ ಕೋಣೆ ಜೋಡಿಸಿದ ಜಾಗವಂತೂ ಸೋರಲೆಂದೇ ಹುಟ್ಟಿದ್ದು. ಅಲ್ಲಿ ಸಿಮೆಂಟ್ ಮೆತ್ತಿದರೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತದೆ. ಹೊಸ ಗೋಡೆಯಲ್ಲಿ ಒಂದಿಂಚು ಆಳದ ಕಚ್ಚು ಕೊರೆದು, ಅಲ್ಯೂಮಿನಿಯಂ ತಗಡಿನ ಅಂಚನ್ನು ಅದರೊಳಗೆ ಸಿಕ್ಕಿಸಿ, ಉಳಿದದ್ದನ್ನು ಹಂಚಿನ ಮೇಲೆ ಆರಿಂಚು ಇಳಿಬಿಡಬೇಕು. ತಗಡು ಹಂಚಿಗೆ ಅಂಟಬಾರದು, ಎರಡೂ ಬೇರೆ ಬೇರೆ ಅಲುಗಾಡಲಿ.

ಕೆಳಗೆ ಅದೇ ಜೋಡಣೆಯಲ್ಲಿ ನೆಟ್ಟಗೊಂದು ಬಿರುಕು ಬರುವುದೂ ನಿಶ್ಚಯ. ಹಳೇ ಗೋಡೆ ಕೂರುವಷ್ಟು ಕೂತಾಗಿದೆ, ಹೊಸದು ಈಗಷ್ಟೇ ಕೂರುತ್ತಿದೆ. ಪ್ರತಿ ದೀಪಾವಳಿಗೆ ಅದಕ್ಕೆ ಪುಟ್ಟಿ ತುಂಬುವ ಬದಲು ಅರ್ಧ ಇಂಚಿನ ಸಂದು ಬಿಟ್ಟು, ಹಿಗ್ಗುವ ಸೀಲೆಂಟ್ ಹಾಕಿ, ಒಂದೇ ಬದಿಗೆ ಮೊಳೆ ಹೊಡೆದ ಮರದ ಪಟ್ಟಿ ಮುಚ್ಚಿದರಾಯಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಬಿರುಕು ಗೆರೆ ದಾಟಿಲ್ಲ ಎಂದಾದರೆ ಸುಣ್ಣ ತುಂಬಿ ಮುಚ್ಚಬಹುದು. ದಾಟಿದ್ದರೆ ಕರೆಯಬೇಕಾದದ್ದು ಸ್ಟ್ರಕ್ಚರಲ್ ಇಂಜಿನಿಯರನ್ನು. ಚಾವಡಿ ದೊಡ್ಡದು ಮಾಡಲು ಯಾವ ಗೋಡೆ ತೆಗೆದಿದ್ದಿರಿ ಎಂದು ಅವರು ಕೇಳುವ ಮೊದಲ ಪ್ರಶ್ನೆಗೆ ಮನೆಯವರೆಲ್ಲ ಒಂದೇ ಉತ್ತರ ಹೇಳುವಂತೆ ಮುಂಚೆಯೇ ಮಾತಾಡಿಕೊಂಡಿರುವುದು ಒಳ್ಳೆಯದು.