ನನ್ನ ಲಾಂಛನಕ್ಕೊಂದು ಸುರಂಗ

ವಿಷುವಿಗೆ ಕಾಸರಗೋಡಿನ ನಮ್ಮ ಊರು ಬಾಯಾರಿಗೆ ಬಂದ ಅಣ್ಣನ ಮಗ ಬೆಂಗಳೂರಿನಿಂದ ಒಂದು ಫ್ರೇಮ್ ತಂದಿದ್ದ. ಆನ್‌ಲೈನ್‌ನಲ್ಲಿ ಮಾಡಿಸಿದ 'ಕುಟುಂಬ ಲಾಂಛನ'. ಎರಡು ಸಿಂಹ, ಮೇಲೆ ಕಿರೀಟ, ಕೆಳಗೆ ನಮ್ಮ ಮನೆತನದ ಹೆಸರು. ಪ್ರೀತಿಯಿಂದ ತಂದದ್ದು, ಚಾವಡಿಯಲ್ಲಿ ತೂಗುಹಾಕಿದೆವು. ಆದರೆ ನನಗದು ಒಗ್ಗಲಿಲ್ಲ.

ಈ ಪದ್ಧತಿ ಯುರೋಪಿನಲ್ಲಿ 12ನೇ ಶತಮಾನದಲ್ಲಿ ಬೆಳೆದದ್ದು. ಗುರಾಣಿಯ ಮೇಲಿನ ಚಿತ್ರ ನೋಡಿದರೆ ಇಂಥವನೇ ಎಂದು ತಿಳಿಯಬೇಕಿತ್ತು. ಇಂಗ್ಲೆಂಡಿನಲ್ಲಿ 1484ರಿಂದ ಇದಕ್ಕಾಗಿಯೇ 'ಕಾಲೇಜ್ ಆಫ್ ಆರ್ಮ್ಸ್' ಎಂಬ ಸಂಸ್ಥೆ ಇದೆ. ಅವರ ಲೆಕ್ಕದಲ್ಲಿ ಲಾಂಛನ ಒಬ್ಬ ವ್ಯಕ್ತಿಯದು, ಅವನ ನಂತರ ಅವನ ಸಂತತಿಯದು. ಬರೀ ಸರ್‌ನೇಮ್‌ಗೆ ಲಾಂಛನ ಇರುವುದೇ ಇಲ್ಲ.

ನನ್ನದನ್ನು ನಾನೇ ಬರೆಯುತ್ತೇನೆ ಎಂದಾಗ ಗೆಳೆಯರು ಗಂಡಭೇರುಂಡ ಹಾಕು ಅಂದರು. ಬಳ್ಳಿಗಾವಿಯ 1047ರ ಕಂಬದಿಂದ ಮೈಸೂರು ಅರಸರವರೆಗೆ, ಇವತ್ತಿನ ಕರ್ನಾಟಕದ ಮುದ್ರೆಯವರೆಗೆ ಬಂದ ಹಕ್ಕಿ ಅದು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ನಮ್ಮ ಸರ್ಕಾರಿ ಕಾಗದಗಳ ಮೇಲೆ ಇರುವುದು ಎರಡು ಆನೆ, ನಡುವೆ ಶಂಖ. ಗಡಿ ದಾಟಿ ವಿಟ್ಲದ ಕಡೆ ಹೋದಾಗ ಆ ಹಕ್ಕಿ ಕಂಡರೆ ನನಗೆ ಈಗಲೂ ಎದೆ ತುಂಬುತ್ತದೆ. ಆದರೂ ಅದು ಅರಸರದ್ದು, ನಾಡಿನದ್ದು. ನಾನೊಬ್ಬನೇ ಎತ್ತಿಕೊಳ್ಳುವಂಥದ್ದಲ್ಲ.

ನನಗೆ ಬಂದ ಆಸ್ತಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗ. ಅಜ್ಜ ಪಿಕ್ಕಾಸು ಹಿಡಿದು, ಕೂತು, ಬಗ್ಗಿ, ಕೋಲಳತೆಯಲ್ಲಿ ಸ್ವಲ್ಪ ಸ್ವಲ್ಪವೇ ಮುರಕಲ್ಲು (ಜಂಬಿಟ್ಟಿಗೆ) ಕಡಿದದ್ದು. ಈಗಲೂ ಒಳಗೆ ಹೋದರೆ ಗೋಡೆಯ ಮೇಲೆ ಪಿಕ್ಕಾಸಿನ ಗೀರುಗಳು ಕೈಗೆ ತಾಗುತ್ತವೆ, ಒದ್ದೆಯಾಗಿ, ತಣ್ಣಗೆ. ಮೊದಲು ಆ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ಇಳಿಯುತ್ತಿತ್ತು, ಈಗ ಪೈಪಿನಲ್ಲಿ. ನಮ್ಮ ತೋಟ ನಿಂತದ್ದೇ ಅದರಿಂದ.

ಹಾಗಾಗಿ ಗುರಾಣಿಯ ನೆಲ ಕೆಂಪು, ಮುರಕಲ್ಲಿನ ಕೆಂಪು. ಅದರ ಮೇಲೆ ಸುರಂಗದ ಕಪ್ಪು ಬಾಯಿ ನೇರ ಬರೆಯಹೋದರೆ ಲಾಂಛನಶಾಸ್ತ್ರ ಅಡ್ಡ ಬಂತು: ಬಣ್ಣದ ಮೇಲೆ ಬಣ್ಣ ಕೂಡದು, ದೂರದಿಂದ ಕಾಣಲು ನಡುವೆ ಚಿನ್ನವೋ ಬೆಳ್ಳಿಯೋ (ಅಂದರೆ ಹಳದಿಯೋ ಬಿಳಿಯೋ) ಬೇಕು. ಸುತ್ತ ದಪ್ಪ ಬೆಳ್ಳಿ ಕಮಾನು ಎಳೆದೆ, ಅದರ ಬುಡದಿಂದ ಕೆಳಕ್ಕೆ ಬೆಳ್ಳಿಯ ನೀರಗೆರೆ. ಆ ಕಟ್ಟುಪಾಡಿನಿಂದಲೇ ಚಿತ್ರ ಚೆಂದವಾಯಿತು. ಆಚೀಚೆ ಎರಡು ಅಡಿಕೆ ಮರ. ಕಿರೀಟದ ಜಾಗದಲ್ಲಿ ಉರಿಯುವ ದೀಪ. ಅಗೆಯುವಾಗ ದೀಪ ಮಂಕಾದರೆ ಒಳಗೆ ಉಸಿರಿಗೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು.

ಘೋಷವಾಕ್ಯ ಸಂಸ್ಕೃತದಲ್ಲಿರಲಿ ಎಂದರು ಕೆಲವರು. ನಾನು ಒಪ್ಪಲಿಲ್ಲ. ಕತ್ತಲಲ್ಲಿ ಮಣ್ಣು ಹೊತ್ತು ಸೋತವರಿಗೆ ಅಜ್ಜ ಹೇಳುತ್ತಿದ್ದ ಮಾತನ್ನೇ, ಮನೆಭಾಷೆಯಲ್ಲೇ, ಬರೆದಿದ್ದೇನೆ, ನೀರು ಸಿಗುತ್ತದೆ ಎಂದು: 'ನೀರು ಸಿಕ್ಕುಗು.'