ಬೊಜ್ಜಿನ ವಿರುದ್ಧ ಜಾಥಾ, ಜೊತೆಗೆ ಎರಡು ಮಿರ್ಚಿ

ಮಾರ್ಚ್ 4 ವಿಶ್ವ ಸ್ಥೂಲಕಾಯ ದಿನ. ಜಾಥಾ ಹೊರಡದಿದ್ದರೆ ಹುಬ್ಬಳ್ಳಿಯಲ್ಲಿ ಯಾವ ದಿನಾಚರಣೆಯೂ ಲೆಕ್ಕಕ್ಕಿಲ್ಲ. ಹೀಗಾಗಿ ಸಂಘವೊಂದು ಬೊಜ್ಜಿನ ವಿರುದ್ಧ ಎರಡು ಕಿಲೋಮೀಟರ್ ನಡಿಗೆ ಇಟ್ಟುಕೊಂಡಿತ್ತು. ಏಳಕ್ಕೆ ಹೊರಡಬೇಕಾದದ್ದು ಒಂಬತ್ತಕ್ಕೆ ಹೊರಟಿತು. ಅಲ್ಲಿಯವರೆಗೆ ಬೊಜ್ಜಿನ ವಿರೋಧಿಗಳೆಲ್ಲ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದರು. ಮುಖ್ಯ ಅತಿಥಿಗಳು ಬಾವುಟ ಬೀಸಿ, ಐವತ್ತು ಹೆಜ್ಜೆ ನಡೆದು, ಫೋಟೊ ಸರಿಯಾಗಿ ಬಂದಿದೆ ಎಂದು ಖಾತ್ರಿಯಾದ ಮೇಲೆ ಕಾರು ಹತ್ತಿದರು. ಜಾಥಾ ಕೂಡ ಬಿಸಿಲು ನೋಡಿ ಮೊದಲ ಸರ್ಕಲ್‌ನಿಂದಲೇ ಹಿಂತಿರುಗಿತು.

ಶಾಮಿಯಾನದ ಮೂಲೆಯಲ್ಲಿ ತಪಾಸಣೆಯ ಮೇಜಿತ್ತು. ನನ್ನ ಎತ್ತರ 168 ಸೆಂಟಿಮೀಟರ್, ತೂಕ 82 ಕಿಲೋ, ಅಂದರೆ ಬಿಎಂಐ, ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಲೆಕ್ಕ, 29. ಜಾಗತಿಕ ಅಳತೆಯಲ್ಲಿ 30 ಮುಟ್ಟುವವರೆಗೆ ಸ್ಥೂಲಕಾಯವಲ್ಲ. ಭಾರತೀಯರಿಗೆ ಮಾತ್ರ ಗೆರೆ 25ಕ್ಕೇ. ನಮ್ಮ ಕೊಬ್ಬಿಗೆ ಹೊಟ್ಟೆಯೊಳಗೇ ಬಿಡಾರ ಹೂಡುವ ಚಟವಂತೆ. ಟೇಪು ಹಿಡಿದ ಹುಡುಗಿ ಹತ್ತಿರ ಬಂದೊಡನೆ ಹೊಟ್ಟೆಯನ್ನು ಒಳಗೆಳೆದುಕೊಂಡೆ. 96 ಬಂತು.

“ಕಾಕಾ, ಉಸಿರು ಬಿಡಿರಿ.”

ಬಿಟ್ಟೆ. 103. ಗಂಡಸರಿಗೆ 90ರ ಒಳಗಿರಬೇಕು. ನನ್ನ ಹಿಂದೆ ನಿಂತಿದ್ದ ಹಿರಿಯರು ಸದ್ದಿಲ್ಲದೆ ಸಾಲಿನಿಂದ ಜಾರಿಕೊಂಡರು.

ವೈದ್ಯರು, ಪಾಪ, ನಿಜವನ್ನೇ ಹೇಳುತ್ತಿದ್ದರು. ಕೊಬ್ಬು ಯಕೃತ್ತಿಗೂ ಹತ್ತುತ್ತದೆ, ಇನ್ಸುಲಿನ್ ಹೇಳಿದ್ದನ್ನು ಮೈ ಕೇಳುವುದಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ಸವೆತ ಒಂದರ ಹಿಂದೊಂದು ಬರುತ್ತವೆ, ಗೊರಕೆಯ ನಡುವೆ ಉಸಿರೇ ನಿಂತು ನಿಂತು ಬರುತ್ತದೆ. ಬಾಯಿಚಪಲ ಒಂದೇ ಕಾರಣವಲ್ಲ. ವಂಶ, ನಿದ್ದೆಗೇಡು, ಕೆಲವು ಮಾತ್ರೆಗಳು, ದಿನವಿಡೀ ಕೂತು ಮಾಡುವ ಕೆಲಸವೂ ಸೇರುತ್ತವೆ ಎನ್ನುವಷ್ಟರಲ್ಲಿ ಉಪಾಹಾರ ಸಿದ್ಧವಾಗಿದೆ ಎಂದು ಮೈಕು ಕೂಗಿತು. ವೈದ್ಯರ ಮುಂದೆ ತೂಕದ ಯಂತ್ರವೊಂದೇ ಉಳಿಯಿತು.

ಉಪಾಹಾರಕ್ಕೆ ಗಿರ್ಮಿಟ್. ಚುರುಮುರಿ, ಹುಣಸೆ ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ. ಇಷ್ಟಕ್ಕೇ ನಿಂತಿದ್ದರೆ ವೈದ್ಯರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಮಿರ್ಚಿಯಿಲ್ಲದ ಗಿರ್ಮಿಟ್ಟನ್ನು ನಮ್ಮೂರಿನಲ್ಲಿ ಜ್ವರ ಬಂದವರಿಗೂ ಕೊಡುವುದಿಲ್ಲ. ತಲೆಗೆರಡು. ಕಾಗದ ಸಾಲದೆ, ಹಂಚಿ ಉಳಿದ ಕರಪತ್ರಗಳಲ್ಲೇ ಮಿರ್ಚಿ ಸುತ್ತಿ ಕೊಟ್ಟರು. ಎಣ್ಣೆ ಹೀರಿದ ಹಾಗೆಲ್ಲ ಅಕ್ಷರಗಳು ಎದ್ದು ಕಂಡವು: ‘ಕರಿದ ಪದಾರ್ಥ ತ್ಯಜಿಸಿರಿ’. ಆ ಕರಪತ್ರವನ್ನು ಕೊನೆಯ ಸಾಲಿನವರೆಗೆ ಓದಿದ್ದು ಆಗಲೇ.

ಮುಖ್ಯ ಅತಿಥಿಗಳು ಭಾಷಣಕ್ಕೆ, ಅದಕ್ಕಿಂತ ಮುಖ್ಯವಾಗಿ ಸನ್ಮಾನಕ್ಕೆ, ಮರಳಿ ಬಂದಿದ್ದರು. ಜನರು ಸೋಮಾರಿಗಳಾಗಿದ್ದಾರೆ, ನಡೆಯುವುದನ್ನೇ ಮರೆತಿದ್ದಾರೆ ಎಂದರು. ಶಾಲು ಹೊದಿಸಿ, ಕೈಗೆ ಒಂದು ಕಿಲೋ ಧಾರವಾಡ ಪೇಡೆ ಇಟ್ಟರು.

ಸೋಮಾರಿಗಳು ಹೌದು, ಇಲ್ಲವೆನ್ನಲಾರೆ. ಜಗತ್ತಿನಲ್ಲೇ ಅತಿ ಉದ್ದದ, 1,507 ಮೀಟರ್‌ನ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮದು ಎಂದು ಬೀಗುವವರು ನಾವು. ನಮ್ಮ ಬೋಗಿ ಅದರ ಆ ತುದಿಗೆ ನಿಂತರೆ ರೈಲ್ವೆಯನ್ನು ಬಯ್ಯುವವರೂ ನಾವೇ.

ಆದರೂ ಮರುದಿನ ನಾಚಿಕೆಯಾಗಿ ಆರಕ್ಕೇ ಎದ್ದು ಹೊರಟೆ. ನಮ್ಮ ಬಡಾವಣೆಯ ಪಾದಚಾರಿ ಮಾರ್ಗದಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ಚಹದಂಗಡಿಯ ಬೆಂಚು, ಅದರಾಚೆ ಒಂಬತ್ತು ಬೈಕು, ಒಂದು ಜಲ್ಲಿಯ ರಾಶಿ. ಸುತ್ತು ಹಾಕುತ್ತ ಮುಖ್ಯರಸ್ತೆಗೆ ಬಂದೆ. ಅಲ್ಲಿ ದಾರಿ ಖಾಲಿಯಿತ್ತು, ಇಪ್ಪತ್ತು ಹೆಜ್ಜೆಯವರೆಗೆ. ಮುಂದೆ ಕಂಬದಿಂದ ಕಂಬಕ್ಕೆ ಎದೆಯೆತ್ತರದಲ್ಲಿ ನಿನ್ನೆಯ ಫ್ಲೆಕ್ಸ್ ಅಡ್ಡ ಕಟ್ಟಿತ್ತು. ‘ದಿನವೂ ನಡೆಯಿರಿ’ ಎಂಬ ಅಕ್ಷರಗಳ ಮೇಲೆ ಮುಖ್ಯ ಅತಿಥಿಗಳು ಕೈ ಮುಗಿದು ನಿಂತಿದ್ದರು. ನಾನು ರಸ್ತೆಗೆ ಇಳಿದೆ. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು, “ಯಜಮಾನರೇ, ನಡೆಯುವುದಕ್ಕೆ ಬೇರೆ ಜಾಗ ಸಿಗಲಿಲ್ಲವೇ?” ಎಂದ.